ಡಬ್ಬೊದ ವರ್ಕ್‌ಶಾಪಿಗೆ ಬರುವ ಮೊದಲು: 494 ವೀಸಾ ಬಗ್ಗೆ ಒಬ್ಬ ಮೆಕ್ಯಾನಿಕ್ಕಿನ ಮಾತು

ನಾನು ಡೀಸೆಲ್ ಮೆಕ್ಯಾನಿಕ್. ಆಸ್ಟ್ರೇಲಿಯಾದ ಡಬ್ಬೊದಲ್ಲಿ ಟ್ರ್ಯಾಕ್ಟರು, ಗೋಧಿ ಕೊಯ್ಯುವ ಯಂತ್ರ ರಿಪೇರಿ ಮಾಡುತ್ತೇನೆ. ಸಿಡ್ನಿಯಿಂದ ಸುಮಾರು 400 ಕಿಲೋಮೀಟರ್ ದೂರ ಒಳನಾಡಿನಲ್ಲಿರುವ ಊರು. 2022ರಲ್ಲಿ 494 ವೀಸಾ ಮೇಲೆ ಬಂದೆ, ಅಂದರೆ ಅಲ್ಲಿಯ ಮಾಲೀಕನೊಬ್ಬ ಸ್ಪಾನ್ಸರ್ ಆಗಿ ಕೆಲಸಕ್ಕೆ ಕರೆಸಿಕೊಳ್ಳುವ ವೀಸಾ. ಆಗಿನಿಂದ ಯಾರಾದರೂ ಒಬ್ಬರು ಕೇಳುತ್ತಲೇ ಇರುತ್ತಾರೆ: "ಅಣ್ಣಾ, ಸ್ಪಾನ್ಸರ್ ಸಿಗ್ತಾರಾ? ಎಷ್ಟು ಕೊಡಬೇಕು?"

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಒಂದು ಡಾಲರ್ ಕೂಡ ಕೊಡಬಾರದು. ಸ್ಪಾನ್ಸರ್ ಮಾಡಲು ದುಡ್ಡು ಕೇಳುವುದು 2015ರ ಡಿಸೆಂಬರ್‌ನಿಂದ ಅಲ್ಲಿ ಅಪರಾಧ. ಕೊಟ್ಟವನೂ ಪಾರಾಗುವುದಿಲ್ಲ, ವೀಸಾನೇ ರದ್ದಾಗಬಹುದು. ನನಗೆ ಮೊದಲು ಸಿಕ್ಕ ಮಾಲೀಕ ಬಹಳ ನಯವಾಗಿ ಮಾತಾಡಿದ್ದ. ಸ್ಪಾನ್ಸರ್ ಮಾಡುವಾಗ ಸರ್ಕಾರಕ್ಕೆ ಕಟ್ಟುವ ತರಬೇತಿ ಲೆವಿ ಅನ್ನೋ ಶುಲ್ಕವನ್ನು ವಾರಕ್ಕೆ 100 ಡಾಲರಿನಂತೆ ಸಂಬಳದಲ್ಲಿ ಹಿಡಿದುಕೊಳ್ಳುತ್ತೇನೆ, ನಿನಗೆ ಗೊತ್ತೇ ಆಗಲ್ಲ ಅಂದ. ಆ ಲೆವಿ ಸಣ್ಣ ಕಂಪನಿಗೆ 3,000 ಡಾಲರ್, ವರ್ಷಕ್ಕೆ ಒಂದು ಕೋಟಿ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟಿದ್ದರೆ 5,000. ಕಟ್ಟಬೇಕಾದ್ದು ಮಾಲೀಕ, ನಮ್ಮಿಂದ ವಸೂಲಿ ಮಾಡುವ ಹಾಗಿಲ್ಲ. ಆಗ ನನಗೆ ಇದು ಗೊತ್ತಿರಲಿಲ್ಲ. ಅವನು ಎಷ್ಟು ಕೇಳಿದರೂ ಆಫರ್ ಲೆಟರ್ ಕೊಡಲಿಲ್ಲ ಅನ್ನೋ ಕಾರಣಕ್ಕೆ ಬಿಟ್ಟೆ. ಅದೃಷ್ಟ, ಬುದ್ಧಿ ಅಲ್ಲ.

ಈಗ ವೀಸಾಕ್ಕೆ ಬರೋಣ. ದೊಡ್ಡ ಊರು ಬಿಟ್ಟು ಒಳನಾಡಿಗೆ ಹೋಗುವ ಕೆಲಸಗಾರರು ಸಿಗುವುದಿಲ್ಲ ಅಂತ ಇರುವ ವೀಸಾ ಇದು. 2019ರ ನವೆಂಬರ್‌ನಲ್ಲಿ ಶುರುವಾಯಿತು. ಐದು ವರ್ಷದ ಅವಧಿ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟರೆ ಮಿಕ್ಕ ದೇಶವೆಲ್ಲ ಲೆಕ್ಕದಲ್ಲಿ 'ರೀಜನಲ್'. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನ ಇರುವ ಪರ್ತ್ ಕೂಡ! ಹಾಗಾಗಿ ರೀಜನಲ್ ಅಂದಕೂಡಲೇ ಕಾಂಗರೂ ಮಧ್ಯೆ ಗುಡಿಸಲು ಅಂತ ಹೆದರಬೇಡಿ.

ಮೆಟ್ಟಿಲು ಮೂರು. ಕಂಪನಿ ಸರ್ಕಾರದ ಹತ್ತಿರ ಸ್ಪಾನ್ಸರ್ ಅಂತ ಒಪ್ಪಿಗೆ ಪಡೆಯಬೇಕು. ಆಮೇಲೆ ನಿಮ್ಮ ಹುದ್ದೆಯನ್ನು ನಾಮಿನೇಟ್ ಮಾಡಬೇಕು, ಅಂದರೆ ಈ ಕೆಲಸಕ್ಕೆ ಇವರು ಬೇಕು ಅಂತ ಸರ್ಕಾರಕ್ಕೆ ಹೇಳಬೇಕು. ಕೊನೆಗೆ ನೀವು ವೀಸಾ ಅರ್ಜಿ ಹಾಕಬೇಕು. ಮೂರರಲ್ಲಿ ಎರಡು ಮಾಲೀಕನವೇ, ಗಮನಿಸಿ. ನಿಮ್ಮ ಸರ್ಟಿಫಿಕೇಟು ಎಷ್ಟೇ ಚೆನ್ನಾಗಿರಲಿ, ಅವನ ಕಾಗದ ಸರಿ ಇಲ್ಲದಿದ್ದರೆ ಕಥೆ ಮುಗಿಯಿತು. ಅವನು ಅಲ್ಲೇ ಜನ ಹುಡುಕಿದ್ದಕ್ಕೆ ಜಾಹೀರಾತು ತೋರಿಸಬೇಕು, ಕನಿಷ್ಠ 28 ದಿನ ಅದು ನಡೆದಿರಬೇಕು. ಕೆಲಸ ಫುಲ್ ಟೈಮ್ ಇರಬೇಕು, ಐದು ವರ್ಷ ಉಳಿಯುವಂಥದ್ದಾಗಿರಬೇಕು. ಸಂಬಳ ಆ ಊರಿನ ದರಕ್ಕೆ ಸರಿಯಾಗಿದೆಯಾ ಅಂತ ಆ ಪ್ರದೇಶದ ಒಂದು ಸಂಸ್ಥೆ ನೋಡಿ ಅಭಿಪ್ರಾಯ ಕೊಡುತ್ತದೆ. ಇದರ ಮೇಲೆ ಕನಿಷ್ಠ ಸಂಬಳದ ಮಿತಿ ಬೇರೆ. ನಾನು ಬಂದಾಗ ಅದು ವರ್ಷಕ್ಕೆ 53,900 ಡಾಲರ್, ಹತ್ತು ವರ್ಷ ಅಲ್ಲಾಡದೆ ಕೂತಿತ್ತು. 2023ರ ಜುಲೈನಲ್ಲಿ ಒಂದೇ ಸಲ 70,000 ಮಾಡಿದರು. 2025ರ ಜುಲೈನಲ್ಲಿ ಅದು 76,515 ಆಯಿತು. ಈಗಿರುವ ಮಿತಿ ನೋಡಿಕೊಳ್ಳಿ, ಅದಕ್ಕಿಂತ ಕಮ್ಮಿ ಹೇಳಿದರೆ ಅಲ್ಲಿಗೇ ಫೋನ್ ಇಡಿ.

ನಿಮ್ಮ ಕಡೆಯಿಂದ ಬೇಕಾದ್ದು: ವಯಸ್ಸು 45ಕ್ಕಿಂತ ಕಮ್ಮಿ, ಅದೇ ಕೆಲಸದಲ್ಲಿ ಮೂರು ವರ್ಷದ ಅನುಭವ, ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಆದರೆ ನಾಲ್ಕೂ ಭಾಗದಲ್ಲಿ 6, ಜೊತೆಗೆ ಸ್ಕಿಲ್ಸ್ ಅಸೆಸ್‌ಮೆಂಟ್, ಅಂದರೆ ನಿಮಗೆ ಕೆಲಸ ನಿಜವಾಗಿ ಬರುತ್ತಾ ಅಂತ ಅಳೆಯುವುದು. ಜಾಸ್ತಿ ಜನ ಎಡವುವುದು ಈ ಕೊನೆಯದರಲ್ಲಿ. ನಾನೂ ಎಡವಿದೆ.

ನನ್ನ ಹಳೇ ಕೆಲಸದ ಪತ್ರದಲ್ಲಿ ಇದ್ದದ್ದು ಒಂದೇ ಸಾಲು: ಇವರು ನಮ್ಮಲ್ಲಿ ಆರು ವರ್ಷ ಮೆಕ್ಯಾನಿಕ್ ಆಗಿ ಕೆಲಸ ಮಾಡಿದ್ದಾರೆ, ನಡತೆ ಒಳ್ಳೆಯದು. ನಡತೆ ಯಾರಿಗೆ ಬೇಕು? ಅಸೆಸ್‌ಮೆಂಟ್ ಮಾಡುವವರು ಕೇಳಿದ್ದು ಕೈ ಏನು ಮಾಡಿದೆ ಅಂತ. ಹಳೇ ಮಾಲೀಕರ ಹತ್ತಿರ ಕೂತು ಪತ್ರ ಮತ್ತೆ ಬರೆಸಿದೆ. ಇಂಜೆಕ್ಟರ್ ಬಿಚ್ಚಿ ಪರೀಕ್ಷೆ ಮಾಡುತ್ತಿದ್ದದ್ದು, ಹೈಡ್ರಾಲಿಕ್ ಪಂಪಿನ ಪ್ರೆಷರ್ ನೋಡುತ್ತಿದ್ದದ್ದು, ಗೇರ್‌ಬಾಕ್ಸ್ ಕೂರಿಸುತ್ತಿದ್ದದ್ದು, ವಾರಕ್ಕೆ ಎಷ್ಟು ಗಂಟೆ, ಯಾವ ತಾರೀಖಿಂದ ಯಾವ ತಾರೀಖಿನವರೆಗೆ, ಎಲ್ಲ ಹಾಕಿಸಿದೆ. ಸಂಬಳ ಬ್ಯಾಂಕಿಗೆ ಬಿದ್ದ ಸ್ಟೇಟ್‌ಮೆಂಟ್ ಜೊತೆಗಿಟ್ಟೆ. ಕೈಗೆ ಸಂಬಳ ತಗೊಳ್ಳುತ್ತಿರುವವರು ಇವತ್ತೇ ಬ್ಯಾಂಕಿಗೆ ಹಾಕಿಸಿಕೊಳ್ಳಿ, ಆಮೇಲೆ ಸಾಕ್ಷಿ ಹುಟ್ಟಿಸಲು ಆಗುವುದಿಲ್ಲ. ಅಸೆಸ್‌ಮೆಂಟಿನ ವಿಡಿಯೋ ಸಂದರ್ಶನದಲ್ಲಿ ಪರೀಕ್ಷಕ ಕೇಳಿದ ಒಂದು ಪ್ರಶ್ನೆ ಇನ್ನೂ ನೆನಪಿದೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತಿದೆ, ಏನು ನೋಡ್ತೀಯಾ? ನಾನು ಇಂಜೆಕ್ಟರು, ಟೈಮಿಂಗು, ಕಂಪ್ರೆಷನ್ನು ಅಂದೆ. "ಕೂಲಂಟ್ ಕಮ್ಮಿಯಾಗ್ತಿದ್ರೆ?" ಅಂದ. ಹೆಡ್ ಗ್ಯಾಸ್ಕೆಟ್ ಅಂದೆ, ತಲೆ ಆಡಿಸಿದ. ಕೆಲಸ ಗೊತ್ತಿದ್ದವನಿಗೆ ಇದು ಕಷ್ಟವಲ್ಲ, ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ ಅಭ್ಯಾಸ ಇರಬೇಕು ಅಷ್ಟೇ. ಯಂತ್ರದ ಹೆಸರುಗಳನ್ನೂ ಅಲ್ಲಿಯ ಬಾಯಲ್ಲಿ ಕಲಿಯಿರಿ. ಹಾರ್ವೆಸ್ಟರ್‌ಗೆ ಅವರು 'ಹೆಡರ್' ಅನ್ನುತ್ತಾರೆ.

ಏಜೆಂಟ್ ಬೇಕೇ ಬೇಕು ಅಂತೇನಿಲ್ಲ. ಇಟ್ಟುಕೊಳ್ಳುವುದಾದರೆ ಅವರ ಏಳು ಅಂಕಿಯ ನೋಂದಣಿ ನಂಬರ್ ಕೇಳಿ, ಸರ್ಕಾರದ ಪಟ್ಟಿಯಲ್ಲಿ ನೀವೇ ನೋಡಿ. ನಂಬರ್ ಕೇಳಿದ್ದಕ್ಕೆ ಮುಖ ಗಂಟು ಹಾಕಿದರೆ ಬಿಟ್ಟುಬಿಡಿ.

ಮಾಲೀಕನನ್ನು ನೀವೂ ಸಂದರ್ಶನ ಮಾಡಬೇಕು. ಈ ಮಾತನ್ನು ಯಾರೂ ಹೇಳುವುದಿಲ್ಲ. ಈ ವೀಸಾದಲ್ಲಿ ನಿಮ್ಮ ಜುಟ್ಟು ಒಂದು ಮಟ್ಟಿಗೆ ಅವನ ಕೈಯಲ್ಲೇ ಇರುತ್ತದೆ, ಅಲ್ವಾ? ನಾನು ಕೇಳಿದ್ದು ಇಷ್ಟು: ಓವರ್‌ಟೈಮ್ ದರ ಎಷ್ಟು, ಟೂಲ್ ಯಾರದು, ಮೊದಲ ತಿಂಗಳು ಎಲ್ಲಿರಬೇಕು, ಇದಕ್ಕೆ ಮುಂಚೆ ಹೊರಗಿನಿಂದ ಯಾರನ್ನಾದರೂ ಕರೆಸಿದ್ದೀರಾ? ಕರೆಸಿದ್ದರು, ಒಬ್ಬ ಫಿಲಿಪೀನ್ಸ್ ವೆಲ್ಡರ್. ಅವನ ಜೊತೆ ಹತ್ತು ನಿಮಿಷ ಮಾತಾಡಿದೆ. ಬಾಸು ಬಾಯಿ ಜೋರು, ಸಂಬಳ ಮಾತ್ರ ಗುರುವಾರ ತಪ್ಪದೆ ಬೀಳುತ್ತೆ ಅಂದ. ಅಷ್ಟು ಸಾಕಾಯಿತು ನನಗೆ. ಟೂಲ್ ವಿಷಯ ಮರೆಯಬೇಡಿ. ಅಲ್ಲಿ ಸ್ಪ್ಯಾನರು, ಸಾಕೆಟ್ಟು ಹೆಚ್ಚಾಗಿ ಮೆಕ್ಯಾನಿಕ್ಕೇ ತರಬೇಕು. ಮೊದಲ ಎರಡು ತಿಂಗಳ ನನ್ನ ಉಳಿತಾಯ ಟೂಲ್ ಬಾಕ್ಸಿಗೇ ಹೋಯಿತು.

ಬಂದ ಮೇಲೆ ನೆನಪಿಡಬೇಕಾದ್ದು ಎರಡು. ವಾಸ, ಕೆಲಸ, ಓದು ಮೂರೂ ರೀಜನಲ್ ಜಾಗದಲ್ಲೇ ಇರಬೇಕು, ಹೆಂಡತಿಗೂ ಗಂಡನಿಗೂ ಇದೇ ನಿಯಮ. ಸಿಡ್ನಿಗೆ ಸುತ್ತಾಡಲು ಹೋಗಬಹುದು, ಅಲ್ಲಿ ಹೆಂಡತಿಯನ್ನು ಕೋರ್ಸಿಗೆ ಸೇರಿಸುವ ಹಾಗಿಲ್ಲ. ಇನ್ನೊಂದು, ಕೆಲಸ ಹೋದರೆ. 2024ರ ಜುಲೈನಿಂದ ಹೊಸ ಸ್ಪಾನ್ಸರ್ ಹುಡುಕಲು ಒಂದು ಸಲಕ್ಕೆ 180 ದಿನ, ವೀಸಾ ಅವಧಿಯಲ್ಲಿ ಒಟ್ಟು 365 ದಿನ ಕೊಡುತ್ತಾರೆ. ಮೊದಲು 90 ದಿನವಿತ್ತು. "ವೀಸಾ ಕ್ಯಾನ್ಸಲ್ ಮಾಡಿಸ್ತೀನಿ" ಅಂತ ಬಾಸು ಹೆದರಿಸಿದರೆ ಆ 180 ನೆನಪಿರಲಿ. ವೀಸಾ ಕೊಡುವುದು, ಕಸಿಯುವುದು ಸರ್ಕಾರ, ಅವನಲ್ಲ.

ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ನವೆಂಬರ್, ಡಿಸೆಂಬರ್‌ನಲ್ಲಿ ಗೋಧಿ ಕೊಯ್ಲು. ನನ್ನ ಮೊದಲ ಸೀಸನ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಹೊಲದ ಮಧ್ಯೆ ಹೆಡರಿನ ಬೇರಿಂಗ್ ಬದಲಾಯಿಸುತ್ತಿದ್ದೆ. ತಲೆಗೆ ಕಟ್ಟಿದ ಲೈಟಿಗೆ ಹುಳ ಮುತ್ತಿಕೊಂಡು ಬಾಯಿಗೇ ಬರುತ್ತಿದ್ದವು. ಮನೆಗೆ ಬಂದಾಗ ಎರಡು ಗಂಟೆ. ಮಲಗುವ ಮೊದಲು ಸಮಯ ಬರೆದಿಟ್ಟೆ. ಆ ವಾರದ ಪೇ ಸ್ಲಿಪ್ಪಿನಲ್ಲಿ ಮೂರು ಗಂಟೆ ಕಮ್ಮಿ ಇತ್ತು. ನೋಟ್‌ಬುಕ್ ತೋರಿಸಿದೆ. ಆಫೀಸಿನಾಕೆ ಪುಟ ತಿರುವಿ ನೋಡಿ ಸರಿ ಮಾಡಿದಳು, ಜಗಳವೇ ಆಗಲಿಲ್ಲ. ಸರಿಯಾಗದಿದ್ದರೆ ಸಂಬಳದ ದೂರು ನೋಡುವ ಸರ್ಕಾರಿ ಕಚೇರಿ, ಫೇರ್ ವರ್ಕ್ ಓಂಬುಡ್ಸ್‌ಮನ್ ಇದೆ, ದೂರು ಕೊಡಲು ದುಡ್ಡು ಕಟ್ಟಬೇಕಿಲ್ಲ.

ಪೇ ಸ್ಲಿಪ್ಪು, ತೆರಿಗೆಯ ಕಾಗದ ಒಂದನ್ನೂ ಬಿಸಾಡಬೇಡಿ. ಮೂರು ವರ್ಷ ಆದ ಮೇಲೆ ಕಾಯಂ ವಾಸಕ್ಕೆ 191 ವೀಸಾ ಅರ್ಜಿ ಹಾಕಬಹುದು, ಅದಕ್ಕೆ ಮೂರು ಆರ್ಥಿಕ ವರ್ಷಗಳ ತೆರಿಗೆ ನೋಟಿಸ್, ಅಂದರೆ ಆ ವರ್ಷದ ಲೆಕ್ಕ ನೋಡಿ ತೆರಿಗೆ ಇಲಾಖೆ ಕೊಡುವ ಕಾಗದ, ಬೇಕು. ಅಲ್ಲಿ ವರ್ಷ ಶುರುವಾಗುವುದು ಜುಲೈ 1ಕ್ಕೆ. ನಾನು ಮೂರನ್ನೂ ಟೂಲ್ ಬಾಕ್ಸಿನ ಕೆಳಗಿನ ಖಾನೆಯಲ್ಲಿ, ಗ್ರೀಸ್ ತಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೆ.