ಮೊದಲು ಮಣ್ಣು, ಆಮೇಲೆ ಬಳಪ

ನಾನು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಕಡೆ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ, ಅಂದರೆ ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಕಲಿಕೆಯ ಮಕ್ಕಳಿಗೆ ಕಲಿಸುತ್ತೇನೆ. ಒಂದನೇ ತರಗತಿಗೆ ಹೊಸದಾಗಿ ಬಂದವರ ಕೈಗೆ ಮೊದಲು ಬಳಪ ಕೊಡುವುದಿಲ್ಲ. ಮಣ್ಣು ಕೊಡುತ್ತೇನೆ.

ನಮ್ಮ ಅಕ್ಷರಗಳೆಲ್ಲ ಗುಂಡು ಗುಂಡು. ರ, ಠ, ಅ ಯಾವುದನ್ನೇ ಬರೆಯಿರಿ, ಬೆರಳು ತಿರುಗಬೇಕು, ಬೇಕಾದ ಕಡೆ ನಿಲ್ಲಬೇಕು. ಆ ಹಿಡಿತ ಬರುವ ಮುಂಚೆಯೇ ತಿದ್ದಿಸಲು ಕೂರಿಸಿದರೆ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತದೆ. ಕೈ ನೋಯುತ್ತದೆ, ಬರೆಯುವುದೇ ಬೇಡ ಅನ್ನಿಸಿಬಿಡುತ್ತದೆ. ಕೆರೆಯ ಜೇಡಿಮಣ್ಣನ್ನು ಕಲ್ಲು ಆರಿಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಒದ್ದೆ ಬಟ್ಟೆ ಸುತ್ತಿಟ್ಟಿರುತ್ತೇನೆ. ಮಕ್ಕಳು ಉಂಡೆ ಕಟ್ಟುತ್ತಾರೆ, ಚಿವುಟುತ್ತಾರೆ, ಅಂಗೈಯಲ್ಲಿ ಉಜ್ಜಿ ಉದ್ದ ಹಾವು ಮಾಡುತ್ತಾರೆ. ಆ ಹಾವನ್ನೇ ಸುತ್ತಿಸಿ ನಡುವೆ ಒಂದು ಚುಕ್ಕಿ ಇಟ್ಟರೆ ಠ ಆಯಿತು.

ಬಣ್ಣಕ್ಕೆ ಜಾಸ್ತಿ ಖರ್ಚಿಲ್ಲ. ಬಸಳೆ ಹಣ್ಣು, ಕಾಫಿ ಡಿಕಾಕ್ಷನ್, ಇದ್ದಿಲು, ಅರಿಶಿನ. ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಸುಣ್ಣ ನಾನೇ ಹಾಕುತ್ತೇನೆ, ಮಕ್ಕಳ ಕೈಗೆ ಕೊಡುವುದಿಲ್ಲ. "ಯಾಕ್ ಮಿಸ್ ಕೆಂಪಾಯ್ತು?" ಅಂತ ಅವರೇ ಕೇಳುತ್ತಾರೆ. ಮಗುವೇ ಪ್ರಶ್ನೆ ಕೇಳಬೇಕು, ಅಲ್ವಾ?

ಚಿತ್ರವನ್ನು ನಾನು ತಿದ್ದುವುದಿಲ್ಲ. ಮೂರು ನಾಲ್ಕು ವರ್ಷದ ಮಕ್ಕಳು ಮನುಷ್ಯನ ಚಿತ್ರ ಬರೆದರೆ ತಲೆಯಿಂದಲೇ ನೇರ ಕಾಲು ಹೊರಡುತ್ತದೆ. ಬೇರೆ ಬೇರೆ ಊರಿನ ಎಷ್ಟೋ ಮಕ್ಕಳು ಹಾಗೇ ಬರೆಯುತ್ತಾರೆ. ಹೊಟ್ಟೆ, ಕುತ್ತಿಗೆ ಆಮೇಲೆ ತಾನಾಗಿ ಬರುತ್ತವೆ. ಚೌಕ, ತ್ರಿಕೋನ ನೋಡಿ ಬರೆಯಲು ಬರುವುದು ಹೆಚ್ಚುಕಮ್ಮಿ ಐದರ ಆಸುಪಾಸಿನಲ್ಲಿ. ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. ಗುಡಿಯ ಗೋಡೆಯ ಕೆಳಸಾಲಿನಲ್ಲಿ ಆನೆಗಳು, ಮಕ್ಕಳ ಎತ್ತರಕ್ಕೆ ಸರಿಯಾಗಿ. ಶಾಲೆಗೆ ಬಂದು ಚಿತ್ರ ಬರೆಯುವಾಗ ಒಬ್ಬ ಹುಡುಗಿ ಆನೆಯ ಹೊಟ್ಟೆಯೊಳಗೆ ಮರಿಯನ್ನೂ ಬರೆದಳು. ಕಲ್ಲಿನಲ್ಲಿ ಮರಿ ಕಂಡಿರಲಿಲ್ಲ. ಆದರೆ ಹೊಟ್ಟೆಯಲ್ಲಿ ಮರಿ ಇರುತ್ತದೆ ಅಂತ ಅವಳಿಗೆ ಗೊತ್ತು. ಈ ವಯಸ್ಸಿನಲ್ಲಿ ಕಂಡದ್ದಕ್ಕಿಂತ ಗೊತ್ತಿರುವುದೇ ಕಾಗದಕ್ಕೆ ಇಳಿಯುತ್ತದೆ. "ಮರಿ ಕಾಣಲ್ಲಮ್ಮ" ಅಂತ ಅಳಿಸಿದರೆ ಅವಳ ಯೋಚನೆಯನ್ನೇ ಅಳಿಸಿದಂತೆ.

ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದ ಕುಟುಂಬದ ಹುಡುಗನೊಬ್ಬ ತರಗತಿಯಲ್ಲಿ ಬಾಯೇ ಬಿಡುತ್ತಿರಲಿಲ್ಲ. ಒಂದು ದಿನ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ, ಈ ಅಂಚಿನಿಂದ ಆ ಅಂಚಿಗೆ, ಇದ್ದಿಲಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಬರೆದ. ಜಾಗ ಸಾಲದೆ ನೆಲದ ಮೇಲೂ ಮುಂದುವರಿಸಿದ. "ಇದೇನು?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಮಗುವಿಗೆ ತಪ್ಪು ಮಾಡಿದೆನೇನೋ ಅನ್ನಿಸುತ್ತದೆ. ಪಕ್ಕದಲ್ಲಿ ಕೂತು "ಇದರ ಕತೆ ಹೇಳು" ಎಂದು ಚಿತ್ರದ ಮೇಲೆ ಬೆರಳಾಡಿಸಿದೆ. "ರೈಲು" ಅಂದ. ಆಮೇಲೆ ಒಂದು ಪೆಟ್ಟಿಗೆ ತೋರಿಸಿ "ಅಮ್ಮ", ಇನ್ನೊಂದು ತೋರಿಸಿ "ನಾನು". ಪಕ್ಕದ ಹುಡುಗರು "ನಮ್ಮನ್ನೂ ಹತ್ತಿಸ್ಕೊಳೋ" ಅಂತ ಸೇರಿಕೊಂಡರು. ಕನ್ನಡದಲ್ಲಿ ಅವನ ಮಾತು ಶುರುವಾಗಿದ್ದೇ ಆ ರೈಲಿನಿಂದ.

"ಬರೀ ಮಣ್ಣಾಡಿಸ್ತೀರಂತೆ ಮಿಸ್" ಅಂತ ಪೋಷಕರು ಕೇಳುವುದುಂಟು. ಅವರ ಕಾಳಜಿ ನ್ಯಾಯವಾದದ್ದೇ. ಹಾಗಾಗಿ ಪ್ರತಿ ಚಿತ್ರದ ಹಿಂದೆ ತಾರೀಕು ಹಾಕಿ, ಮಗು ಹೇಳಿದ ಮಾತನ್ನು ಹಾಗೇ ಬರೆದಿಡುತ್ತೇನೆ. ಜೂನಿನ ಚಿತ್ರ, ಫೆಬ್ರವರಿಯ ಚಿತ್ರ ಎರಡನ್ನೂ ಮುಂದಿಟ್ಟು, ಹಿಂದೆ ಬರೆದಿದ್ದನ್ನು ಓದಿ ಹೇಳುತ್ತೇನೆ. ಕೆಲವು ಅಪ್ಪ ಅಮ್ಮಂದಿರು ಚಿತ್ರಗಳನ್ನು ಮನೆಗೆ ಕೇಳುತ್ತಾರೆ. ವರ್ಷದ ಕೊನೆಗೆ ಕೊಟ್ಟುಬಿಡುತ್ತೇನೆ.