ಸೋರಿದ್ದು ಒಂದು ಕಡೆ, ತೊಟ್ಟಿಕ್ಕಿದ್ದು ಇನ್ನೊಂದು ಕಡೆ

ಮೊದಲು ಕಂಡಿದ್ದು ನನ್ನ ಹೆಂಡತಿಗೆ. "ರೀ, ರಂಗೋಲಿ ಹಾಕೋ ಜಾಗದಲ್ಲಿ ಏನೋ ಎಣ್ಣೆ ಬಿದ್ದಿದೆ, ಸೀಮೆಎಣ್ಣೆ ಥರ ನಾತ" ಅಂದಳು. ವಿಜಯನಗರದ ನಮ್ಮ ಗಲ್ಲಿಯಲ್ಲಿ ಕಾರನ್ನು ರಿವರ್ಸ್ ಹಾಕಿಯೇ ನಿಲ್ಲಿಸಬೇಕು, ಅದರ ಮೂತಿ ಸರಿಯಾಗಿ ಗೇಟಿನ ಬಾಯಿಗೆ ಬರುತ್ತದೆ. ಪಕ್ಕದ ಮನೆಯವರ ಸ್ಕೂಟರ್ ಇರಬೇಕು ಅಂತ ಹಾರಿಸಿಬಿಟ್ಟೆ.

ಮೂರನೇ ದಿನ ಮೈಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಬೈಕಿನ ಹುಡುಗನೊಬ್ಬ ಗಾಜು ತಟ್ಟಿದ. "ಅಂಕಲ್, ಕೆಳಗೆ ಡೀಸೆಲ್ ಸೋರ್ತಿದೆ, ನೋಡ್ಕೊಳ್ಳಿ." ಮುಖಕ್ಕೆ ಹೊಡೆದಂತಾಯಿತು. ಇಪ್ಪತ್ತು ವರ್ಷ ಪೀಣ್ಯಕ್ಕೆ ಸ್ಕೂಟರಿನಲ್ಲೇ ಓಡಾಡಿದವನು ನಾನು. ಮಳೆ ಹನಿದ ರಸ್ತೆಯಲ್ಲಿ ಡೀಸೆಲ್ ಬಿದ್ದಿದ್ದರೆ ಎರಡು ಚಕ್ರದವನ ಗತಿ ಏನು ಅಂತ ಮೊಣಕೈಯ ಗಾಯದ ಗುರುತೇ ಹೇಳುತ್ತದೆ. ಪೆಟ್ರೋಲ್ ಆದರೆ ಆರಿಹೋಗುತ್ತದೆ, ಡೀಸೆಲ್ ಹಾಗೇ ಜಿಡ್ಡಾಗಿ ಕೂತಿರುತ್ತದೆ.

ಕಾರು 2008ರದ್ದು, ಕಾಮನ್ ರೈಲ್ ಎಂಜಿನ್ (ಎಲ್ಲ ಸಿಲಿಂಡರಿಗೂ 'ರೈಲ್' ಅನ್ನೋ ಒಂದೇ ಕೊಳವೆಯಿಂದ ಡೀಸೆಲ್ ಹಂಚುವಂಥದ್ದು), ಓಡಿರುವುದು 1,64,000 ಕಿ.ಮೀ. ಹದಿನೈದು ವರ್ಷ ತುಂಬಿದಾಗ ಎಫ್‌ಸಿ ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ, ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ರಿನ್ಯೂ ಮಾಡಿಸಿದ್ದೇನೆ. ಮಾರುವ ಮನಸ್ಸಿಲ್ಲ.

ಹತ್ತಿರದ ಗ್ಯಾರೇಜಿನವರು ಲಿಫ್ಟಿಗೆ ಹಾಕಿ ಕೆಳಗಿನಿಂದ ಟಾರ್ಚ್ ಬಿಟ್ಟರು. ಎಂಜಿನ್ನೂ ಗೇರ್‌ಬಾಕ್ಸೂ ಸೇರುವಲ್ಲಿ ಒದ್ದೆ. "ಡೀಸೆಲ್ ಪಂಪ್ ಸೀಲ್ ಹೋಗಿದೆ ಸಾರ್, ಪಂಪ್ ಇಳಿಸ್ಬೇಕು, ಹದಿನೆಂಟು ಸಾವಿರ ರೆಡಿ ಮಾಡ್ಕೊಳ್ಳಿ." ಮೇಲಿನ ಪ್ಲಾಸ್ಟಿಕ್ ಕವರನ್ನು ಯಾರೂ ತೆಗೆದು ನೋಡಲಿಲ್ಲ. ನನಗೆ ಸಮಾಧಾನ ಆಗಲಿಲ್ಲ. ಲೇತ್ ಮುಂದೆ ಬದುಕು ಕಳೆದವನಿಗೆ ಒಂದು ವಿಷಯ ಗೊತ್ತು: ಎಣ್ಣೆ ಮೇಲೆಲ್ಲೋ ಹುಟ್ಟಿ, ಎಲ್ಲೆಲ್ಲೋ ಹರಿದು, ತನಗೆ ಅನುಕೂಲವಾದ ಮೂಲೆಯಲ್ಲಿ ತೊಟ್ಟಿಕ್ಕುತ್ತದೆ.

ಭಾನುವಾರ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಶುರು ಮಾಡಿದೆ. ಕವರ್ ಬಿಚ್ಚಿದರೆ, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಕೂತಿರುವ ಗುಂಡಿಗಳಲ್ಲಿ ಸಣ್ಣ ಕೆರೆಗಳೇ ನಿಂತಿದ್ದವು. ಅಲ್ಲಿಂದ ತುಂಬಿ, ಬ್ಲಾಕಿನ ಹಿಂಬದಿಯಿಂದ ಇಳಿದು, ಗೇರ್‌ಬಾಕ್ಸ್ ಹತ್ತಿರ ಹನಿಯುತ್ತಿತ್ತು. ಆದರೂ ಇದು ಎಂಜಿನ್ ಆಯಿಲ್ ಇರಬಹುದೇ ಅನ್ನೋ ಅನುಮಾನ. ಒಂದು ಹನಿಯನ್ನು ಪೇಪರಿನ ಅಂಚಿನ ಮೇಲೆ ಬಿಟ್ಟೆ. ಕಪ್ಪಾಗಿ ಒಂದೇ ಕಡೆ ಕೂರಲಿಲ್ಲ, ನೋಡನೋಡುತ್ತಲೇ ತಿಳಿಯಾಗಿ ಅಗಲವಾಯಿತು. ಡೀಸೆಲ್ಲೇ.

ಸೋಪಿನ ನೀರು, ಹಳೆ ಟೂತ್ ಬ್ರಷ್, ಬನಿಯನ್ ವೇಸ್ಟ್ ಹಿಡಿದು ಒಂದು ಗಂಟೆ ಉಜ್ಜಿ ಒಣಗಿಸಿದೆ. ಸೋರಿಕೆ ಹುಡುಕೋದರಲ್ಲಿ ಮುಕ್ಕಾಲು ಪಾಲು ಕೆಲಸ ಇದೇ. ಆಮೇಲೆ ಜಾಯಿಂಟ್‌ಗಳ ಮೇಲೆ ಪೌಡರ್ ಉದುರಿಸಬೇಕು, ಒದ್ದೆಯಾದರೆ ತಕ್ಷಣ ಗೆರೆ ಕಾಣುತ್ತದೆ. ಕೈಗೆ ಸಿಕ್ಕಿದ್ದು ರಂಗೋಲಿ ಡಬ್ಬಿ. ಮುಚ್ಚಳ ತೆಗೆದವನು ಹಾಗೇ ಮುಚ್ಚಿದೆ. ಅದು ಕಲ್ಲಿನ ಪುಡಿ, ಪೈಪ್ ಬಿಚ್ಚುವಾಗ ಒಂದು ಕಣ ಒಳಗೆ ಹೋದರೂ ಇಂಜೆಕ್ಟರಿಗೆ ಮೃತ್ಯು. ಮುಖಕ್ಕೆ ಹಾಕುವ ಪೌಡರನ್ನೇ ತೆಳುವಾಗಿ ಉದುರಿಸಿ, ಬೆಲ್ಟಿನಿಂದ ದೂರ ನಿಂತು ಸ್ಟಾರ್ಟ್ ಮಾಡಿಸಿದೆ.

ಇಲ್ಲೊಂದು ಮಾತು. ಪಂಪಿನಿಂದ ರೈಲಿಗೆ, ರೈಲಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಸೂಜಿಯಷ್ಟು ತೂತಿದ್ದರೂ ಡೀಸೆಲ್ ಚರ್ಮ ತೂರಿ ಮಾಂಸಕ್ಕೆ ಇಳಿಯುತ್ತದೆ; ಮೇಲೆ ಚುಕ್ಕಿಯಷ್ಟೇ ಕಂಡರೂ ಒಳಗೆ ಕೊಳೆತು ಬೆರಳು ತೆಗೆಯುವ ಮಟ್ಟಕ್ಕೆ ಹೋಗಬಹುದು. ಎಂಜಿನ್ ಓಡುವಾಗ ನಾನು ಅದರ ಹತ್ತಿರ ಕೈ ಒಯ್ಯುವುದಿಲ್ಲ. ಉಕ್ಕಿನ ಪೈಪಿನಲ್ಲೇ ಸೋರಿಕೆ ಕಂಡಿದ್ದರೆ ಆಫ್ ಮಾಡಿ ಟೋಯಿಂಗ್‌ಗೆ ಫೋನ್ ಮಾಡುತ್ತಿದ್ದೆ.

ಐದು ನಿಮಿಷದಲ್ಲಿ ಮೂರನೇ ಇಂಜೆಕ್ಟರಿನ ತಲೆಯ ಹತ್ತಿರ ಪೌಡರ್ ಮೇಲೆ ಬೂದು ಗೆರೆ ಎದ್ದಿತು. ಅಲ್ಲಿರುವುದು ಲೀಕ್-ಆಫ್ ಪೈಪ್, ಇಂಜೆಕ್ಟರ್ ಬಳಸಿ ಉಳಿಸಿದ ಡೀಸೆಲ್ಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ಬಟ್ಟೆ ಹೆಣೆದ ಸಣ್ಣ ರಬ್ಬರ್ ನಳಿಕೆ. ಒತ್ತಡ ತೀರಾ ಕಡಿಮೆ. ಎಂಜಿನ್ ಆರಿಸಿ, ತಣಿದ ಮೇಲೆ ಬಗ್ಗಿಸಿ ನೋಡಿದರೆ ಒಣ ಹುಣಸೆಹಣ್ಣಿನ ಸಿಪ್ಪೆಯಂತೆ ಪಟಕ್ಕನೆ ಸೀಳಿತು. ಹದಿನೆಂಟು ಸಾವಿರದ ರೋಗ ಇದು!

ಆಮೇಲೆ ಮಾಡಿದ್ದು ಪೆದ್ದತನ. ಅಂಗಡಿ ರಜೆ ಅಂತ ಬೈಕಿನ ಪಾರದರ್ಶಕ ಪೆಟ್ರೋಲ್ ಟ್ಯೂಬ್ ತುಂಡು ಮಾಡಿ ಸಿಕ್ಕಿಸಿದೆ. ಎರಡು ವಾರಕ್ಕೆ ಎಂಜಿನ್ ಬಿಸಿಗೆ ಕೋಲಿನಂತೆ ಗಟ್ಟಿಯಾಗಿ ಜಾರಿಕೊಂಡಿತು. ಹಿಂದೆ ತೂತಾದ ಟ್ಯಾಂಕಿಗೆ ಸೋಪು ಮೆತ್ತಿ ಊರು ಸೇರುತ್ತಿದ್ದ ಲಾರಿ ಡ್ರೈವರುಗಳೇ ಬುದ್ಧಿವಂತರು, ಅವರಿಗೆ ಅದು ಊರು ಸೇರುವವರೆಗೆ ಮಾತ್ರ ಅಂತ ಗೊತ್ತಿರುತ್ತಿತ್ತು.

ಹಳೇ ನಳಿಕೆಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. ಕೌಂಟರಿನವರು ಕಾರಿನ ಹೆಸರೂ ಕೇಳದೆ ತುಂಡನ್ನು ಉಗುರಿನಿಂದ ಕೆರೆದು, "ಡೀಸೆಲ್‌ಗಾ? ಬಟ್ಟೆದೇ ತಗೊಳ್ಳಿ, ಪ್ಲಾಸ್ಟಿಕ್ ಬೇಡ" ಅಂದರು. ನಾನು ಅಳೆಯಲು ವರ್ನಿಯರ್ ಕ್ಯಾಲಿಪರ್ ತಂದಿದ್ದೆ, ಒಳವ್ಯಾಸ 3.2 ಮಿ.ಮೀ. ಒಂದು ಮೀಟರಿಗೆ ಇನ್ನೂರು ರೂಪಾಯಿಯೊಳಗೆ. ಒಂದು ಸೀಳಿದೆ ಅಂದರೆ ಉಳಿದವಕ್ಕೂ ಅದೇ ವಯಸ್ಸು, ನಾಲ್ಕನ್ನೂ ಬದಲಿಸಿದೆ. ಅಲಗು ಹೊಸದಿರಲಿ, ತುದಿ ನೇರವಾಗಿ ಕತ್ತರಿಸಬೇಕು.

ತೊಟ್ಟಿಕ್ಕುವುದು ನಿಂತಿತು. ಆದರೆ ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ. ಏಳೆಂಟು ಸೆಕೆಂಡ್ ಸೆಲ್ಫ್ ಹೊಡೆದ ಮೇಲೆ ಕೆಮ್ಮಿ ಏಳುತ್ತಿತ್ತು. ನನ್ನ ಕಾರಿನ ಟ್ಯಾಂಕಿನೊಳಗೆ ಪಂಪ್ ಇಲ್ಲ, ಮುಂದಿನ ಪಂಪೇ ಡೀಸೆಲ್ಲನ್ನು ಹೀರಿಕೊಳ್ಳಬೇಕು. ಹೀರುವ ದಾರಿಯಲ್ಲಿ ಸಂದಿದ್ದರೆ ಹೊರಗೆ ಹನಿಯೇ ಕಾಣದಿರಬಹುದು, ಒಳಗೆ ಗಾಳಿ ನುಗ್ಗುತ್ತದೆ. ರಾತ್ರಿ ಡೀಸೆಲ್ ಟ್ಯಾಂಕಿಗೆ ಹಿಂದೆ ಸರಿಯುತ್ತದೆ. ಇಲ್ಲಿ ಪೌಡರ್ ಕೆಲಸಕ್ಕೆ ಬರುವುದಿಲ್ಲ. ಹಾಳಾದ ಆ ಪೆಟ್ರೋಲ್ ಟ್ಯೂಬ್ ಈಗ ಉಪಯೋಗಕ್ಕೆ ಬಂತು: ಅದೇ ಜಾತಿಯ ದಪ್ಪ ತುಂಡನ್ನು ಫಿಲ್ಟರಿನಿಂದ ಹೊರಬರುವ ಕಡೆ ತಾತ್ಕಾಲಿಕವಾಗಿ ಹಾಕಿದೆ. ಸೋಡಾ ಬಾಟಲಿಯಂತೆ ಗುಳ್ಳೆ. ಟ್ಯಾಂಕಿನಿಂದ ಫಿಲ್ಟರಿಗೆ ಬರುವ ಕಡೆ ಹಾಕಿದಾಗ ಗುಳ್ಳೆ ಇಲ್ಲ. ಅಂದರೆ ಕಳ್ಳ ಫಿಲ್ಟರಿನಲ್ಲೇ. ನೀರು ಇಳಿಸುವ ಸ್ಕ್ರೂನ ಓ-ರಿಂಗ್ (ಸಂದಿ ಮುಚ್ಚುವ ರಬ್ಬರ್ ಬಳೆ) ಚಪ್ಪಟೆಯಾಗಿ ಕಲ್ಲಾಗಿತ್ತು. ಓ-ರಿಂಗ್ ಹಾಕಿ, ಫಿಲ್ಟರನ್ನೂ ಬದಲಿಸಿ, ಕೈಪಂಪಿನ ರಬ್ಬರ್ ಗುಂಡನ್ನು ಗಟ್ಟಿಯಾಗುವವರೆಗೆ ಒತ್ತಿದೆ. ಒಂದೇ ಸೆಲ್ಫಿಗೆ ಎದ್ದಿತು.

ಡೀಸೆಲ್ ಕುಡಿದು ಉಬ್ಬಿದ್ದ ಒಂದು ಕೂಲೆಂಟ್ ಹೋಸನ್ನೂ (ಎಂಜಿನ್ ತಣಿಸುವ ದ್ರವದ ರಬ್ಬರ್ ಪೈಪ್) ಬದಲಿಸಬೇಕಾಯಿತು. ಉಳಿದ ಅರ್ಧ ಮೀಟರ್ ನಳಿಕೆ ಡ್ಯಾಶ್‌ಬೋರ್ಡಿನಲ್ಲಿದೆ. ಗೇಟಿನ ಮುಂದಿನ ಕಲೆಗೆ ಮರದ ಹೊಟ್ಟು ಸುರಿದು ಎರಡು ದಿನ ಬಿಟ್ಟೆ, ಪೂರ್ತಿ ಹೋಗಿಲ್ಲ. ಹೆಂಡತಿ ರಂಗೋಲಿಯನ್ನು ಒಂದಡಿ ಎಡಕ್ಕೆ ಸರಿಸಿಕೊಂಡಿದ್ದಾಳೆ.