ತಲೆ ಹೋಗುವ ಮೊದಲೇ ಜಮೀನು ಹೋಗಿತ್ತು

ಸ್ಕಾಟ್ಲೆಂಡಿನ ಹಳೆಯ ಕೊಲೆ ಪ್ರಕರಣ ಕೈಗೆತ್ತಿಕೊಂಡಾಗ ನಾನು ಕೊಲೆಯಿಂದ ಶುರು ಮಾಡುವುದಿಲ್ಲ. ಜಮೀನು ಯಾರ ಪಾಲಾಯಿತು ಅಂತ ಮೊದಲು ನೋಡುತ್ತೇನೆ. ವಕೀಲಿಕೆಯಲ್ಲಿ ಪಹಣಿ ನೋಡಿ ನೋಡಿ ಅಂಟಿದ ಚಾಳಿ. ಒಂಬತ್ತನೇ ಲಾರ್ಡ್ ಮ್ಯಾಕ್ಸ್‌ವೆಲ್ ಪ್ರಕರಣದಲ್ಲಿ ಅದು ಚೆನ್ನಾಗಿ ಕೆಲಸಕ್ಕೆ ಬಂತು.

1593ರಲ್ಲಿ ಡ್ರೈಫ್ ಸ್ಯಾಂಡ್ಸ್ ಕಾಳಗದಲ್ಲಿ ವೈರಿ ಮನೆತನದ ಜಾನ್‌ಸ್ಟನ್ ಕಡೆಯವರು ಇವನ ಅಪ್ಪನನ್ನು ಕೊಂದಿದ್ದರು. 1608ರ ಏಪ್ರಿಲ್ 6ರಂದು ರಾಜಿ ಮಾತುಕತೆ. ಎರಡೂ ಕಡೆ ಒಬ್ಬೊಬ್ಬನೇ ಆಳು. ಮ್ಯಾಕ್ಸ್‌ವೆಲ್‌ನ ಆಳು ಕಾಲು ಕೆರೆದು ಜಗಳ ತೆಗೆದ. ಬಿಡಿಸೋಣ ಅಂತ ಆ ವೈರಿ ಮನೆತನದ ಮುಖ್ಯಸ್ಥ ಸರ್ ಜೇಮ್ಸ್ ಜಾನ್‌ಸ್ಟನ್ ಅತ್ತ ತಿರುಗಿದ, ಅವನ ಬೆನ್ನಿಗೆ ಮ್ಯಾಕ್ಸ್‌ವೆಲ್ ಗುಂಡು ಹಾರಿಸಿದ. ಮ್ಯಾಕ್ಸ್‌ವೆಲ್ ದೇಶ ಬಿಟ್ಟು ಓಡಿಹೋದ.

ಇದು ಬರೀ ಕೊಲೆಯಾಗಿದ್ದರೆ ಅವನ ಚರಾಸ್ತಿ ಮಾತ್ರ ರಾಜನಿಗೆ ಸೇರುತ್ತಿತ್ತು. ಜಮೀನು ವಾರಸುದಾರರಿಗೇ ಉಳಿಯುತ್ತಿತ್ತು. ಆದರೆ 1587ರ ಕಾಯ್ದೆ ಪ್ರಕಾರ, ಅಭಯ ಕೊಟ್ಟು ನಂಬಿಸಿ ಕೊಂದರೆ ಅದು ರಾಜದ್ರೋಹ. ಆಗ ಪ್ರಾಣ, ಜಮೀನು, ಸಾಮಾನು ಎಲ್ಲಾ ಹೋಯಿತು. ಹಾಗಾಗಿ ದೋಷಾರೋಪ ಓದುವಾಗ ಗುಂಡಿನ ವಿವರಕ್ಕಿಂತ ಜಾಸ್ತಿ ಗಮನ ಕೊಟ್ಟದ್ದು ಆ ಭೇಟಿ ಹೇಗೆ ನಿಗದಿಯಾಯಿತು, ಯಾರು ಯಾರಿಗೆ ಮಾತು ಕೊಟ್ಟಿದ್ದರು ಎನ್ನುವ ಸಾಲುಗಳಿಗೆ. ಆಸ್ತಿಯ ಹಣೆಬರಹ ಅಲ್ಲೇ ಇದೆ.

ಇನ್ನೊಂದು ಲಾಭವೂ ಇತ್ತು. ಆರೋಪಿ ಸಿಗದಿದ್ದರೆ ಆಗಿನ ಕ್ರಿಮಿನಲ್ ಕೋರ್ಟು ಅವನನ್ನು ತಲೆತಪ್ಪಿಸಿಕೊಂಡವನು ಅಂತ ಸಾರಿ, ಚರಾಸ್ತಿ ಹಿಡಿದು ಸುಮ್ಮನಾಗಬೇಕಿತ್ತು. ರಾಜದ್ರೋಹವಾದರೆ ಪಾರ್ಲಿಮೆಂಟು ಅವನಿಲ್ಲದೆಯೇ ತೀರ್ಪು ಕೊಡಬಹುದಿತ್ತು. 1609ರ ಜೂನ್‌ನಲ್ಲಿ ಕೊಟ್ಟೂಬಿಟ್ಟಿತು. ಕೊನೆಗೆ ಅವನು ಸಿಕ್ಕಿಬಿದ್ದ ಮೇಲೆ ತಲೆ ಕಡಿದದ್ದು 1613ರ ಮೇ 21ಕ್ಕೆ, ಎಡಿನ್‌ಬರೋದಲ್ಲಿ. ಜಮೀನು ಅದಕ್ಕೂ ಸುಮಾರು ನಾಲ್ಕು ವರ್ಷ ಮುಂಚೆಯೇ ಕೈಬಿಟ್ಟಿತ್ತು! ಕಾನೂನಿನ ಆತುರ ಯಾವ ಕಡೆಗಿತ್ತು, ನೀವೇ ನೋಡಿ.

ಓದಿದ ಕ್ರಮ ಹೇಳುತ್ತೇನೆ. ತೀರ್ಪು ಸ್ಕಾಟಿಷ್ ಪಾರ್ಲಿಮೆಂಟಿನ ದಾಖಲೆಗಳಲ್ಲಿದೆ. ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದವರು ಅದನ್ನು ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ, ಪಕ್ಕದಲ್ಲೇ ಇಂದಿನ ಇಂಗ್ಲಿಷ್ ರೂಪವೂ ಉಂಟು. ಅಲ್ಲಿಂದ ಗ್ರೇಟ್ ಸೀಲ್ ರಿಜಿಸ್ಟರಿಗೆ ಹೋದೆ. ರಾಜ ಯಾರಿಗೆ ಯಾವ ಜಮೀನು ಕೊಟ್ಟ ಎನ್ನುವುದು ಅದರಲ್ಲಿದೆ. ಅಚ್ಚಾದ ಸಂಪುಟಗಳು ಲ್ಯಾಟಿನ್‌ನಲ್ಲಿವೆ, ಹೆದರಬೇಡಿ. ಪ್ರತಿ ದಾನಪತ್ರದಲ್ಲೂ ಜಮೀನು ರಾಜನ ಕೈಗೆ ಹೇಗೆ ಬಂತು ಅಂತ ಒಂದು ಸಾಲಿರುತ್ತದೆ. ಆ ಸಾಲಲ್ಲಿ ಮುಟ್ಟುಗೋಲಿನ ಮಾತು ಇದೆಯೇ ನೋಡುವುದು ರೂಢಿಯಾದರೆ ಪುಟಗಳು ಬೇಗ ಸರಿಯುತ್ತವೆ. ಊರಿನ ಹೆಸರು ಹಿಡಿದು ಹುಡುಕುವುದು ವಾಸಿ, ಯಾಕೆಂದರೆ ಹೊಸ ಒಡೆಯ ಯಾರು ಅಂತ ಮೊದಲೇ ಗೊತ್ತಿರುವುದಿಲ್ಲ ಅಲ್ವಾ?

ಮುಟ್ಟುಗೋಲಿನ ದಾಖಲೆ ಸಿಕ್ಕಿತು ಅಂತ ಅಲ್ಲಿಗೇ ಫೈಲು ಮುಚ್ಚಬೇಡಿ. ಹಂಚಿಹೋದ ಆಸ್ತಿಯಲ್ಲಿ ಎಷ್ಟೋ ಪಾಲು ತಮ್ಮ ರಾಬರ್ಟ್ ಮ್ಯಾಕ್ಸ್‌ವೆಲ್‌ಗೆ ವಾಪಸ್ ಬಂತು. 1620ರಲ್ಲಿ ಅವನು ಅರ್ಲ್ ಆಫ್ ನಿತ್ಸ್‌ಡೇಲ್ ಕೂಡ ಆದ. ತೀರ್ಪಿನ ನಂತರದ ಹತ್ತು ಹನ್ನೆರಡು ವರ್ಷದ ನಮೂದುಗಳನ್ನೂ ತಿರುವಿ ಹಾಕಿ. 1708ರ ರಾಜದ್ರೋಹ ಕಾಯ್ದೆ ಜಾರಿಗೆ ಬಂದ ನಂತರದ ಕೊಲೆಗಳಿಗೆ ಮಾತ್ರ ಈ ದಾರಿ ಹಿಡಿಯಬೇಡಿ. ನಂಬಿಸಿ ಕೊಂದರೂ ಅದು ಮರಣದಂಡನೆಯ ಅಪರಾಧವಷ್ಟೇ, ರಾಜದ್ರೋಹ ಅಲ್ಲ ಅಂತ ಆ ಕಾಯ್ದೆ ಹೇಳಿಬಿಟ್ಟಿತು.